ಗಣಿತಾಚಾರ್ಯ ಮಹಾವೀರ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಸುತ್ತಣ ನೆಲವು ಸುಣ್ಣಕಲ್ಲಿನ ನೆಲ. ಅಲ್ಲಿ ಭೂಮಿಯನ್ನು ಅಗೆದರೆ ಪದರ ಪದರವಾಗಿ ಚಪ್ಪಟೆಯಾದ ಕಲ್ಲು ದೊರೆಯುತ್ತದೆ. ಅದನ್ನು ಚೌಕವಾಗಿಯೂ ಆಯತವಾಗಿಯೂ ಕತ್ತರಿಸಿ, ಚದರ ಅಡಿಯ ಲೆಕ್ಕದಲ್ಲಿ ಅಳೆದು ಮಾರುತ್ತಾರೆ. ಶಹಾಬಾದಿ ಫರಸಿ ಎಂಬ ಹೆಸರಿನಿಂದ ಆ ಕಲ್ಲು ದೂರದೂರದ ಊರುಗಳ ಮನೆಗಳಲ್ಲಿ ನೆಲಹಾಸಾಗಿದೆ. ಹೀಗೆ ಉದ್ದ, ಅಗಲ, ಕ್ಷೇತ್ರಫಲಗಳ ಲೆಕ್ಕವು ಇಂದಿಗೂ ಜನರ ಬಾಯಲ್ಲಿರುವ ಈ ಸೀಮೆಯಲ್ಲಿಯೇ, ಸೇಡಂ ತಾಲೂಕಿನ ಕಾಗಿಣಾ ನದಿಯ ದಂಡೆಯ ಮೇಲೆ, ಮಳಖೇಡವೆಂಬ ಊರಿದೆ. ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಚಿತ್ತಾಪುರವನ್ನು ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣವನ್ನು ಹಾದುಹೋಗುತ್ತದೆ. ಹಾಳುಬಿದ್ದ ಕೋಟೆ, ನೇಮಿನಾಥನ ಬಸದಿ ಇವುಗಳ ಹೊರತು ಹಳೆಯ ವೈಭವವನ್ನು ನೆನಪಿಸುವ ಕುರುಹುಗಳು ಅಲ್ಲಿ ಹೆಚ್ಚಾಗಿಲ್ಲ. ಆದರೆ ಸಾವಿರದ ಇನ್ನೂರು ವರ್ಷಗಳ ಹಿಂದೆ ಇದು ಮಾನ್ಯಖೇಟವಾಗಿತ್ತು. ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾಗಿತ್ತು.

814ರಲ್ಲಿ ಪಟ್ಟವೇರಿದ ಅಮೋಘವರ್ಷ ನೃಪತುಂಗನು ಅರವತ್ತು ವರ್ಷಗಳಿಗೂ ಮೀರಿ ರಾಜ್ಯವಾಳಿದನು. 851ರ ಸುಮಾರಿಗೆ ರಚಿತವಾದ ಅರಬ್ಬೀ ವರ್ತಕರ ವೃತ್ತಾಂತವೊಂದು ಈ ರಾಜವಂಶದ ಅರಸನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಆದರೂ ನೃಪತುಂಗನ ನಿಜವಾದ ಕೀರ್ತಿ ಅವನ ಸೈನ್ಯದಿಂದ ಬಂದುದಲ್ಲ. ವಿದ್ವಾಂಸರಿಗೆ ಅವನು ನೀಡಿದ ಆಶ್ರಯದಿಂದ ಬಂದುದು. ಆದಿಪುರಾಣವನ್ನು ಬರೆಯತೊಡಗಿದ ಜಿನಸೇನಾಚಾರ್ಯರು ಅವನ ಗುರುಗಳಾಗಿದ್ದರು. ವ್ಯಾಕರಣಕಾರನಾದ ಶಾಕಟಾಯನನು ತನ್ನ ವೃತ್ತಿಗೆ ಅರಸನ ಹೆಸರನ್ನೇ ಇಟ್ಟನು. ಕನ್ನಡದ ಮೊಟ್ಟಮೊದಲ ಉಪಲಬ್ಧ ಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದುದು ಇದೇ ಆಸ್ಥಾನದಲ್ಲಿ. ಕಾವ್ಯ, ವ್ಯಾಕರಣ, ಧರ್ಮಶಾಸ್ತ್ರಗಳ ಈ ಪಂಡಿತರ ನಡುವೆ ಗಣಿತವನ್ನೇ ತನ್ನ ತಪಸ್ಸನ್ನಾಗಿ ಮಾಡಿಕೊಂಡಿದ್ದ ಮತ್ತೊಬ್ಬ ಜೈನ ಆಚಾರ್ಯನಿದ್ದನು. ಆತನೇ ಗಣಿತಸಾರಸಂಗ್ರಹವೆಂಬ ಗ್ರಂಥದ ಕರ್ತೃವಾದ ಮಹಾವೀರಾಚಾರ್ಯ.

ಮಹಾವೀರಾಚಾರ್ಯನು ತನ್ನ ತಂದೆತಾಯಿಗಳ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ, ಗುರುವಿನ ಹೆಸರನ್ನಾಗಲಿ ಎಲ್ಲಿಯೂ ಹೇಳಿಕೊಂಡಿಲ್ಲ. ಗ್ರಂಥದ ಆರಂಭದಲ್ಲಿ ಸಂಖ್ಯಾಜ್ಞಾನದಿಂದ ಜಗತ್ತನ್ನೆಲ್ಲ ಬೆಳಗಿದ ಜಿನೇಂದ್ರ ಮಹಾವೀರನಿಗೆ ನಮಸ್ಕರಿಸಿ, ಬಳಿಕ ಅಮೋಘವರ್ಷನನ್ನು ಕೆಲವು ಪದ್ಯಗಳಲ್ಲಿ ಹೊಗಳಿ, ಅಲ್ಲಿಂದ ನೇರವಾಗಿ ಲೆಕ್ಕಕ್ಕೆ ಇಳಿಯುತ್ತಾನೆ. ಆ ಹೊಗಳಿಕೆಯಿಂದಲೇ ಆತನ ಕಾಲವು 9ನೆಯ ಶತಮಾನದ ಮಧ್ಯಭಾಗವೆಂದು ನಮಗೆ ತಿಳಿಯುವುದು. ಆಸ್ಥಾನದ ವೈಭವವನ್ನು ಕಂಡವನು ತನ್ನ ವಿಷಯದಲ್ಲಿ ಇಷ್ಟು ಮೌನವಾಗಿದ್ದುದು ಆಶ್ಚರ್ಯಕರ. ಆದ್ದರಿಂದ ಈ ಮಹಾನುಭಾವನ ಜೀವನವನ್ನು ತಿಳಿಯಬಯಸುವವರು ಆತನ ಗ್ರಂಥವನ್ನೇ ಬಿಡಿಸಿ ನೋಡಬೇಕು. ಆತನು ಹೇಗೆ ಯೋಚಿಸುತ್ತಿದ್ದನು, ಯಾವುದನ್ನು ಕಂಡು ಸಂತೋಷಪಡುತ್ತಿದ್ದನು, ಎಲ್ಲಿ ಎಡವಿದನು ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿದೆ.

ಗಣಿತಸಾರಸಂಗ್ರಹವು ಸಂಸ್ಕೃತದಲ್ಲಿದೆ. ಒಂಬತ್ತು ಅಧ್ಯಾಯಗಳ, ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳ ಗ್ರಂಥವಿದು. ಆರ್ಯಭಟ, ಬ್ರಹ್ಮಗುಪ್ತ ಮೊದಲಾದ ಹಿಂದಿನವರು ಗಣಿತವನ್ನು ಗ್ರಹಚಾರದ ಲೆಕ್ಕಕ್ಕೆ ಸಹಾಯಕವಾದ ಭಾಗವಾಗಿ ತಮ್ಮ ಜ್ಯೋತಿಷ ಗ್ರಂಥಗಳಲ್ಲಿ ಸೇರಿಸಿದ್ದರು. ಮಹಾವೀರಾಚಾರ್ಯನಾದರೋ ಗ್ರಹನಕ್ಷತ್ರಗಳನ್ನು ಬದಿಗಿರಿಸಿ ಗಣಿತವನ್ನೇ ವಿಷಯವನ್ನಾಗಿ ಮಾಡಿಕೊಂಡನು. ಲೌಕಿಕದಲ್ಲಿ, ವೈದಿಕದಲ್ಲಿ, ಸಂಗೀತ ನಾಟಕಗಳಲ್ಲಿ, ವೈದ್ಯದಲ್ಲಿ, ಮನೆ ಕಟ್ಟುವುದರಲ್ಲಿ, ಛಂದಸ್ಸಿನಲ್ಲಿ, ಕಡೆಗೆ ಅಡಿಗೆಮನೆಯಲ್ಲಿ ಸಹ ಗಣಿತವಿಲ್ಲದೆ ನಡೆಯದು ಎಂಬುದು ಆತನ ದೃಢವಾದ ನಂಬಿಕೆ. ಕಡಲಿನಿಂದ ರತ್ನವನ್ನೂ ಕಲ್ಲಿನಿಂದ ಚಿನ್ನವನ್ನೂ ಚಿಪ್ಪಿನಿಂದ ಮುತ್ತನ್ನೂ ತೆಗೆಯುವಂತೆ, ಹಿಂದಿನವರ ಗಣಿತಸಾಗರದಿಂದ ಸಾರವನ್ನಷ್ಟೇ ತೆಗೆದು ಕೊಡುತ್ತಿರುವೆನೆಂದು ವಿನಯದಿಂದ ಹೇಳಿಕೊಂಡಿದ್ದಾನೆ. ಸಂಗ್ರಹವೆಂದು ಹೆಸರಿಟ್ಟರೂ ಅದರಲ್ಲಿ ಆತನದೇ ಆದ ಹೊಸತು ಬಹಳವಿದೆ.

ಗುಣಾಕಾರದ ಪಾಠವನ್ನೇ ನೋಡೋಣ. ಬೇರೊಬ್ಬ ಉಪಾಧ್ಯಾಯನಾಗಿದ್ದರೆ ಯಾವುದೋ ಎರಡು ಸಂಖ್ಯೆಗಳನ್ನು ಕೊಟ್ಟು ಗುಣಿಸಲು ಹೇಳುತ್ತಿದ್ದನು. ಮಹಾವೀರಾಚಾರ್ಯನು ಹಾಗೆ ಮಾಡಲಿಲ್ಲ. 139ನ್ನು 109ರಿಂದ ಗುಣಿಸಿರಿ ಎಂದನು. ಉತ್ತರ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ: 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗಳಲ್ಲಿ ಒಂದೊಂದು, ನಡುವೆ ಎಲ್ಲವೂ ಸೊನ್ನೆ. 333333666667ನ್ನು 33ರಿಂದ ಗುಣಿಸಿದರೆ 11000011000011. ಈ ಉತ್ತರಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ದಾರದಲ್ಲಿ ಪೋಣಿಸಿದ ಮಣಿಗಳ ಹಾರವನ್ನು ಕೊರಳಿಗೆ ಹಾಕಿಕೊಂಡಾಗ ಎಡಬಲಗಳೆರಡೂ ಸರಿಸಮನಾಗಿ ಕಾಣುವಂತೆ ಇವು ಕಾಣುತ್ತವೆ. ಆಚಾರ್ಯನು ಇವುಗಳನ್ನು ಕಂಠಾಭರಣಗಳೆಂದೇ ಕರೆದಿದ್ದಾನೆ. ಒಂದನ್ನಂತೂ ಅರಸನ ಕೊರಳಿಗೆ ತಕ್ಕ ಹಾರವೆಂದಿದ್ದಾನೆ. ಅರಸನ ಆಸ್ಥಾನದಲ್ಲಿ ಕವಿಗಳು ಪದಗಳಿಂದ ಹಾರವನ್ನು ಕಟ್ಟುತ್ತಿದ್ದರೆ ಗಣಿತಜ್ಞನು ಅಂಕೆಗಳಿಂದ ಕಟ್ಟಿದನು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆ ಕಾಲದ ಗಣಿತಗ್ರಂಥಗಳಲ್ಲಿ ಸಂಖ್ಯೆಗಳನ್ನು ಅಂಕೆಗಳಲ್ಲಿ ಬರೆಯುತ್ತಿರಲಿಲ್ಲ. ಎಲ್ಲವೂ ಶ್ಲೋಕದ ಮಾತಿನಲ್ಲಿರಬೇಕಾಗಿತ್ತು. ಚಂದ್ರನೆಂದರೆ ಒಂದು, ಕಣ್ಣು ಎಂದರೆ ಎರಡು, ಅಗ್ನಿಯೆಂದರೆ ಮೂರು, ಸಮುದ್ರವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು. ಇಂತಹ ಪದಗಳನ್ನು ಬಲದಿಂದ ಎಡಕ್ಕೆ ಜೋಡಿಸಿಕೊಂಡು ಹೋದರೆ ಸಂಖ್ಯೆ ದೊರೆಯುತ್ತಿತ್ತು. ಆದ್ದರಿಂದ ಶ್ಲೋಕವನ್ನು ಎಷ್ಟು ಸಲ ಓದಿದರೂ ಅಲ್ಲಿ ಹಾರವು ಕಾಣಿಸದು. ಶಿಷ್ಯನು ಮರಳು ಹರಡಿದ ಹಲಗೆಯ ಮುಂದೆ ಕುಳಿತು, ಪದಗಳನ್ನು ಅಂಕೆಗಳನ್ನಾಗಿ ಬಿಡಿಸಿ, ಗುಣಾಕಾರವನ್ನು ತಾನೇ ಮಾಡಿ ಮುಗಿಸಬೇಕು. ಆಗ ಮರಳಿನ ಮೇಲೆ ಹಾರವು ಮೂಡುತ್ತದೆ. ನಡುವೆ ಒಂದು ಅಂಕೆ ತಪ್ಪಿದರೂ ಹಾರದ ಮಣಿ ಕಳಚುತ್ತದೆ; ಗುರುವು ಹೇಳಬೇಕಾಗಿಲ್ಲ, ಶಿಷ್ಯನ ಕಣ್ಣಿಗೇ ತಪ್ಪು ಗೋಚರವಾಗುತ್ತದೆ. ಎಂತಹ ಜಾಣ ಉಪಾಧ್ಯಾಯ!

ಈ ಹಾರಗಳಲ್ಲಿ ಅತ್ಯಂತ ಸುಂದರವಾದುದು 27994681ನ್ನು 441ರಿಂದ ಗುಣಿಸಿದಾಗ ದೊರೆಯುವ 12345654321. ಈ ಸಂಖ್ಯೆಯನ್ನು ಹೇಳುವಾಗ ಆಚಾರ್ಯನು ಹನ್ನೊಂದು ಅಂಕೆಗಳಿಗೆ ಹನ್ನೊಂದು ಪದಗಳನ್ನು ವೆಚ್ಚಮಾಡಲಿಲ್ಲ. ಒಂದರಿಂದ ಮೊದಲುಗೊಂಡು ಆರರ ತನಕ ಏರಿ, ಅಲ್ಲಿಂದ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಅದನ್ನು ವರ್ಣಿಸಿದನು. ಸಂಖ್ಯೆಯ ಹೆಸರನ್ನು ಹೇಳದೆ ಅದನ್ನು ಹುಟ್ಟಿಸುವ ವಿಧಾನವನ್ನೇ ಹೇಳಿದ ಈ ಬಗೆ ಗಣಿತದ ಇತಿಹಾಸದಲ್ಲಿ ಬಹಳ ಬೆಲೆಯುಳ್ಳದ್ದು. ಆರರ ಬದಲು ಎರಡು, ಮೂರು, ನಾಲ್ಕು, ಐದು ಎಂದು ಇಟ್ಟುಕೊಂಡು, ದೊರೆತ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದರೆ ತ್ರಿಕೋನವೊಂದು ತಾನಾಗಿ ನಿಲ್ಲುತ್ತದೆ:

          1
         121
        12321
       1234321
      123454321
     12345654321

ಈ ಆರು ಸಾಲುಗಳು ಕ್ರಮವಾಗಿ 1, 11, 111, 1111, 11111, 111111 ಇವುಗಳ ವರ್ಗಗಳು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಹೀಗೆ ಹೊರಗೆ ಒರಟಾಗಿ ಕಾಣುವ ಎರಡು ಸಂಖ್ಯೆಗಳೊಳಗೆ ಸುಂದರವಾದ ಆಕಾರವು ಅಡಗಿ ಕುಳಿತಿದೆ.

ಇಂದು ಗಣಕಯಂತ್ರವನ್ನು ಕಲಿಯತೊಡಗಿದ ವಿದ್ಯಾರ್ಥಿಗಳಿಗೆ ಮೊದಮೊದಲು ಕೊಡುವ ಅಭ್ಯಾಸಗಳಲ್ಲಿ ನಕ್ಷತ್ರ ಚಿಹ್ನೆಗಳಿಂದ ತ್ರಿಕೋನ, ಚೌಕ, ವಜ್ರಾಕೃತಿಗಳನ್ನು ಅಚ್ಚುಹಾಕುವುದೂ ಒಂದು. ಇದಕ್ಕೆ ಕುಂಚವೂ ಬೇಡ, ಅಳತೆಪಟ್ಟಿಯೂ ಬೇಡ. ನಾಲ್ಕಾರು ಸಾಲುಗಳ ಕ್ರಮವಿಧಿ ಸಾಕು. ಮೊದಲನೆಯ ಸಾಲಿನಲ್ಲಿ ಒಂದು ಚಿಹ್ನೆ, ಮುಂದಿನ ಪ್ರತಿ ಸಾಲಿನಲ್ಲಿ ಎರಡೆರಡು ಹೆಚ್ಚು, ಎಡಗಡೆಯ ಖಾಲಿ ಜಾಗ ಒಂದೊಂದು ಕಡಿಮೆ ಎಂದು ಯಂತ್ರಕ್ಕೆ ತಿಳಿಸಿದರೆ ತ್ರಿಕೋನವು ಸಿದ್ಧವಾಗುತ್ತದೆ. 1960ರ ದಶಕದಲ್ಲಿ ಗಣಕಯಂತ್ರಗಳಿಗೆ ಜೋಡಿಸಿದ ಮುದ್ರಣಯಂತ್ರಗಳಲ್ಲಿ ಹೆಚ್ಚಿನವು ಅಕ್ಷರಗಳನ್ನೂ ಅಂಕೆಗಳನ್ನೂ ಮಾತ್ರ ಅಚ್ಚುಮಾಡಬಲ್ಲವಾಗಿದ್ದುವು. ಅಕ್ಷರಗಳಿಂದಲೇ ಚಿತ್ರವನ್ನು ಬಿಡಿಸುವ ಕಲೆ ಆಗ ಬೆಳೆಯಿತು. 1966ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನೆತ್ ನೋಲ್ಟನ್, ಲಿಯಾನ್ ಹಾರ್ಮನ್ ಎಂಬವರು ಸಣ್ಣ ಸಣ್ಣ ಚಿಹ್ನೆಗಳನ್ನು ಒತ್ತಾಗಿಯೂ ವಿರಳವಾಗಿಯೂ ಜೋಡಿಸಿ ಮನುಷ್ಯಾಕೃತಿಯನ್ನು ಮೂಡಿಸಿದರು. ಇಂತಹ ಕ್ರಮವಿಧಿಗೆ ಇಂದು ಜಗತ್ತೆಲ್ಲ ಬಳಸುವ ಅಲ್ಗಾರಿದಮ್ ಎಂಬ ಮಾತು ಬಾಗ್ದಾದಿನ ಗಣಿತಜ್ಞನಾದ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಹುಟ್ಟಿದುದು. ಭಾರತದ ಅಂಕೆಗಳಿಂದ ಲೆಕ್ಕ ಮಾಡುವ ಬಗೆಯನ್ನು ಅರಬ್ಬರಿಗೆ ತಿಳಿಸಿಕೊಟ್ಟ ಆತನು ಬಾಳಿದುದೂ 9ನೆಯ ಶತಮಾನದ ಪೂರ್ವಾರ್ಧದಲ್ಲಿಯೇ. ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ, ಕಾಗಿಣಾ ತೀರದ ದೊರೆಯ ಆಶ್ರಯದಲ್ಲಿ ಮಹಾವೀರಾಚಾರ್ಯ. ಇಬ್ಬರೂ ಒಂದೇ ಕಾಲದಲ್ಲಿ, ಹಂತಹಂತವಾಗಿ ನಡೆಸುವ ಲೆಕ್ಕದ ವಿಧಿಗಳನ್ನು ಬರೆಯುತ್ತಿದ್ದರು.

ಅಂಕೆಯಿಂದ ಆಕಾರಕ್ಕೂ ಆಕಾರದಿಂದ ಅಂಕೆಗೂ ಹೋಗಿಬರುವುದು ಮಹಾವೀರಾಚಾರ್ಯನಿಗೆ ಎಷ್ಟು ಸಲೀಸಾಗಿತ್ತೆಂಬುದನ್ನು ಬಾಣಗಳ ಲೆಕ್ಕದಲ್ಲಿ ಕಾಣಬಹುದು. ಬತ್ತಳಿಕೆಯಲ್ಲಿ ಬಾಣಗಳನ್ನು ದುಂಡಗೆ ಒತ್ತಾಗಿ ತುಂಬಿದೆ. ಹೊರಸುತ್ತಿನ ಬಾಣಗಳನ್ನು ಮಾತ್ರ ಎಣಿಸಬಹುದು. ಒಳಗಿನವನ್ನು ಹೊರತೆಗೆಯದೆಯೇ ಒಟ್ಟು ಬಾಣಗಳೆಷ್ಟೆಂದು ಹೇಳುವುದು ಹೇಗೆ? ಹೊರಸುತ್ತಿನ ಎಣಿಕೆಗೆ ಮೂರನ್ನು ಸೇರಿಸಿ, ವರ್ಗಮಾಡಿ, ಮತ್ತೆ ಮೂರನ್ನು ಸೇರಿಸಿ, ಹನ್ನೆರಡರಿಂದ ಭಾಗಿಸಬೇಕೆಂಬುದು ಆತನ ಸೂತ್ರ. ಹೊರಸುತ್ತಿನಲ್ಲಿ 12 ಬಾಣಗಳಿವೆಯೆನ್ನೋಣ. 12ಕ್ಕೆ 3 ಸೇರಿದರೆ 15. ಅದರ ವರ್ಗ 225. ಮತ್ತೆ 3 ಸೇರಿದರೆ 228. ಹನ್ನೆರಡರಿಂದ ಭಾಗಿಸಿದರೆ 19. ಬತ್ತಳಿಕೆಯನ್ನು ಮೇಲಿನಿಂದ ನೋಡಿದರೆ ಹೀಗೆ ಕಾಣುತ್ತದೆ:

        *   *   *
      *   *   *   *
    *   *   *   *   *
      *   *   *   *
        *   *   *

ನಡುವೆ ಒಂದು, ಅದರ ಸುತ್ತ ಆರು, ಅದರ ಹೊರಗೆ ಹನ್ನೆರಡು, ಒಟ್ಟು ಹತ್ತೊಂಬತ್ತು. ಇನ್ನೊಂದು ಸುತ್ತನ್ನು ಸೇರಿಸಿದರೆ ಹೊರಗೆ 18, ಒಟ್ಟು 37. ಸೂತ್ರದಿಂದಲೂ ಅಷ್ಟೇ ಬರುವುದನ್ನು ವಿದ್ಯಾರ್ಥಿಗಳು ಮಾಡಿ ನೋಡಬಹುದು. ಈ ಷಟ್ಕೋನದ ಸಾಲುಗಳಲ್ಲಿ 3, 4, 5, 4, 3 ಎಂದು ಚಿಹ್ನೆಗಳಿವೆ. ಏರಿ ಇಳಿಯುವ ಅದೇ ನಡೆ ಇಲ್ಲಿಯೂ ಇದೆ.

ಗ್ರಂಥದ ಏಳನೆಯ ಅಧ್ಯಾಯವು ಕ್ಷೇತ್ರಗಣಿತಕ್ಕೆ ಮೀಸಲಾಗಿದೆ. ತ್ರಿಭುಜಗಳಲ್ಲಿ ಮೂರು ಬಗೆ, ಚತುರ್ಭುಜಗಳಲ್ಲಿ ಐದು ಬಗೆ, ಬಾಗಿದ ರೇಖೆಗಳ ಆಕಾರಗಳಲ್ಲಿ ಎಂಟು ಬಗೆ ಎಂದು ಮೊದಲಿಗೆ ಹದಿನಾರು ಕ್ಷೇತ್ರಗಳನ್ನು ಎಣಿಸುತ್ತಾನೆ. ವೃತ್ತ, ಅರ್ಧವೃತ್ತಗಳ ಜೊತೆಗೆ ಶಂಖದ ಆಕಾರ, ಬಳೆಯಂತೆ ಒಳಗೂ ಹೊರಗೂ ಸುತ್ತಿದ ಆಕಾರಗಳೂ ಅಲ್ಲಿವೆ. ಮುಂದೆ ಜವೆಗೋದಿಯ ಕಾಳು, ಮುರಜವೆಂಬ ಮದ್ದಳೆ, ನಡುಸಣ್ಣಗಿನ ಪಣವ ವಾದ್ಯ, ವಜ್ರಾಯುಧ ಇವುಗಳ ಆಕಾರಗಳಿಗೂ ಕ್ಷೇತ್ರಫಲವನ್ನು ಹೇಳಿದ್ದಾನೆ. ಸಂಸ್ಕೃತ ಮತ್ತು ಕನ್ನಡದ ಕವಿಗಳು ಪದ್ಯದ ಅಕ್ಷರಗಳನ್ನು ಚಕ್ರ, ಪದ್ಮ, ಮುರಜಗಳ ರೂಪದಲ್ಲಿ ಹೊಂದಿಸುವ ಚಿತ್ರಬಂಧಗಳನ್ನು ರಚಿಸುತ್ತಿದ್ದರು. ಕವಿಗೆ ಅಕ್ಷರ ತುಂಬುವ ಚೌಕಟ್ಟಾಗಿದ್ದ ಮುರಜವು ಗಣಿತಜ್ಞನಿಗೆ ಅಳೆಯಬೇಕಾದ ಹೊಲವಾಯಿತು.

ಒಂದನ್ನೊಂದು ಮುಟ್ಟಿಕೊಂಡಿರುವ ನಾಲ್ಕು ಸಮವೃತ್ತಗಳ ನಡುವೆ ಉಳಿಯುವ ಜಾಗದ ಕ್ಷೇತ್ರಫಲವೆಷ್ಟು ಎಂಬುದು ಆತನು ಬಿಡಿಸಿದ ಸಮಸ್ಯೆಗಳಲ್ಲೊಂದು. ವ್ಯಾಸದ ವರ್ಗದಿಂದ ಒಂದು ವೃತ್ತದ ಕ್ಷೇತ್ರಫಲವನ್ನು ಕಳೆದರೆ ಉತ್ತರ ಬರುತ್ತದೆ. ವ್ಯಾಸವು 14 ಆಗಿದ್ದರೆ ವರ್ಗ 196, ವೃತ್ತದ ಕ್ಷೇತ್ರಫಲ ಸುಮಾರು 154, ಉಳಿದದ್ದು 42. ನಾಲ್ಕು ವೃತ್ತಗಳ ಕೇಂದ್ರಗಳನ್ನು ಸೇರಿಸಿ ಚೌಕವನ್ನು ಎಳೆದು ನೋಡಿದರೆ ಕಾರಣವು ತಾನಾಗಿ ಹೊಳೆಯುತ್ತದೆ. ಚೌಕದೊಳಗೆ ನಾಲ್ಕು ಕಾಲುವೃತ್ತಗಳಿರುತ್ತವೆ.

ಇದಕ್ಕಿಂತಲೂ ಹೆಚ್ಚಿನ ಪ್ರತಿಭೆ ತೋರುವುದು ಜನ್ಯವೆಂಬ ಭಾಗದಲ್ಲಿ. ಕ್ಷೇತ್ರವು ಮೊದಲೇ ಇದ್ದು ಅದನ್ನು ಅಳೆಯುವುದು ಸಾಮಾನ್ಯ ರೀತಿ. ಇಲ್ಲಿಯಾದರೋ ಎರಡು ಸಂಖ್ಯೆಗಳೆಂಬ ಬೀಜಗಳಿಂದ ಕ್ಷೇತ್ರವನ್ನೇ ಹುಟ್ಟಿಸುವುದು. ಬೀಜಗಳ ವರ್ಗಗಳ ವ್ಯತ್ಯಾಸವು ಒಂದು ಭುಜ. ಬೀಜಗಳ ಗುಣಲಬ್ಧದ ಎರಡರಷ್ಟು ಇನ್ನೊಂದು ಭುಜ. ವರ್ಗಗಳ ಮೊತ್ತವು ಕರ್ಣ. 2 ಮತ್ತು 1 ಎಂಬ ಬೀಜಗಳಿಂದ 3, 4, 5 ಅಳತೆಯ ಆಕಾರ ಹುಟ್ಟುತ್ತದೆ. 3 ಮತ್ತು 2 ರಿಂದ 5, 12, 13. 4 ಮತ್ತು 1 ರಿಂದ 15, 8, 17. ಮೂಲೆಗಳು ಎಂದಿಗೂ ತಪ್ಪದೆ ಲಂಬಕೋನವಾಗಿಯೇ ಇರುತ್ತವೆ. ಇಂದಿಗೂ ಮನೆಯ ಪಾಯ ಹಾಕುವ ಗವಂಡಿಗಳು ಮೂಲೆ ನೇರವಾಗಿದೆಯೇ ಎಂದು ನೋಡಲು ಮೂರು, ನಾಲ್ಕು, ಐದರ ಲೆಕ್ಕವನ್ನು ಬಳಸುವುದುಂಟು. ಬೀಜವು ಸಣ್ಣದು, ಅದರಿಂದ ಹುಟ್ಟುವ ಆಕಾರಗಳಿಗೆ ಕೊನೆಯೇ ಇಲ್ಲ. ಆತನು ಆರಿಸಿಕೊಂಡ ಆ ಹೆಸರು ಎಷ್ಟು ಸಾರ್ಥಕವಾಗಿದೆ!

ಆಚಾರ್ಯನ ಲೆಕ್ಕಗಳೆಲ್ಲವೂ ಸರಿಯಾಗಿದ್ದುವೆಂದು ತಿಳಿಯಬಾರದು. ಆತನು ಕ್ಷೇತ್ರಗಳಿಗೆ ಎರಡು ಬಗೆಯ ಸೂತ್ರಗಳನ್ನು ಕೊಡುತ್ತಾನೆ. ವ್ಯವಹಾರಕ್ಕೆ ಸಾಕಾಗುವ ಒರಟು ಲೆಕ್ಕ ಒಂದು; ಸೂಕ್ಷ್ಮವಾದ ಲೆಕ್ಕ ಮತ್ತೊಂದು. ವೃತ್ತದ ಪರಿಧಿಯು ವ್ಯಾಸದ ಮೂರರಷ್ಟು ಎಂಬುದು ಮೊದಲನೆಯದು; ಹತ್ತರ ವರ್ಗಮೂಲದಷ್ಟು, ಎಂದರೆ ಸುಮಾರು 3.162ರಷ್ಟು, ಎಂಬುದು ಎರಡನೆಯದು. ನಿಜವಾದ ಬೆಲೆ ಸುಮಾರು 3.1416. ನೀಳವಾದ ವೃತ್ತವನ್ನು, ಈಗ ನಾವು ದೀರ್ಘವೃತ್ತವೆನ್ನುವುದನ್ನು, ಆಯತವೃತ್ತವೆಂದು ಹೆಸರಿಸಿ ಅದರ ಪರಿಧಿ ಮತ್ತು ಕ್ಷೇತ್ರಫಲಗಳನ್ನು ಕಂಡುಹಿಡಿಯಲು ಹೊರಟ ಸಾಹಸ ಆತನದು. ಉದ್ದ 36, ಅಗಲ 12 ಇರುವ ಆಯತವೃತ್ತಕ್ಕೆ ಆತನ ಸೂಕ್ಷ್ಮ ಸೂತ್ರದಂತೆ ಪರಿಧಿಯು ಸುಮಾರು 77.8 ಆಗುತ್ತದೆ, ಇಂದಿನ ಲೆಕ್ಕದಂತೆ ಅದು ಸುಮಾರು 80.2. ಇದು ತಕ್ಕಮಟ್ಟಿಗೆ ಹತ್ತಿರವೇ. ಆದರೆ ಕ್ಷೇತ್ರಫಲವು ಆತನ ಸೂತ್ರದಿಂದ ಸುಮಾರು 233 ಬರುತ್ತದೆ. ನಿಜವಾಗಿ ಅದು 339ರಷ್ಟಿರಬೇಕು. ಇಷ್ಟು ದೊಡ್ಡ ಅಂತರಕ್ಕೆ ಕಾರಣವಿದೆ. ವೃತ್ತದಲ್ಲಿ ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ ಬರುತ್ತದೆ. ಅದೇ ವಿಧಿಯನ್ನು ಆಯತವೃತ್ತಕ್ಕೂ ಅನ್ವಯಿಸಿದರೆ ಅದು ಹೊಂದುವುದಿಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಹೇಳಿದುದೂ ಸರಿಯಲ್ಲ. ವಿಧಿಯು ಎಷ್ಟು ಚೆಲುವಾಗಿದ್ದರೂ ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ.

ಆದರೆ ಎಲ್ಲಿ ನಿಲ್ಲಬೇಕೆಂಬ ವಿವೇಕವೂ ಆತನಿಗೆ ಇತ್ತು. ಧನಸಂಖ್ಯೆಯ ವರ್ಗವೂ ಋಣಸಂಖ್ಯೆಯ ವರ್ಗವೂ ಧನವೇ ಆಗಿರುವುದರಿಂದ, ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲ. ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದನು. ಋಣಸಂಖ್ಯೆಗಳ ವರ್ಗಮೂಲಕ್ಕೆ ಯುರೋಪಿನ ಗಣಿತಜ್ಞರು ಹೊಸ ಅರ್ಥವನ್ನು ಕಲ್ಪಿಸತೊಡಗಿದುದು ಇದಾದ ಏಳುನೂರು ವರ್ಷಗಳ ಅನಂತರ, 16ನೆಯ ಶತಮಾನದಲ್ಲಿ.

ಲೆಕ್ಕವನ್ನು ಬಾಳಿಗೆ ಹತ್ತಿರವಾಗಿಸುವುದರಲ್ಲಿ ಆತನಿಗೆ ವಿಶೇಷವಾದ ಆಸಕ್ತಿಯಿತ್ತು. ಸಿಹಿ, ಹುಳಿ, ಉಪ್ಪು, ಕಾರ, ಕಹಿ, ಒಗರು ಎಂಬ ಆರು ರುಚಿಗಳನ್ನು ಬೆರೆಸಿ ಎಷ್ಟು ಬಗೆಯ ಅಡಿಗೆಯ ರುಚಿಗಳನ್ನು ಮಾಡಬಹುದೆಂದು ಕೇಳುತ್ತಾನೆ. ಒಂದೊಂದೇ ರುಚಿಯವು 6, ಎರಡೆರಡು ಸೇರಿದವು 15, ಮೂರು ಸೇರಿದವು 20, ನಾಲ್ಕು ಸೇರಿದವು 15, ಐದು ಸೇರಿದವು 6, ಆರೂ ಸೇರಿದ್ದು 1, ಒಟ್ಟು 63. ಎಷ್ಟೇ ವಸ್ತುಗಳಿದ್ದರೂ ಅವುಗಳಿಂದ ಆರಿಸುವ ಬಗೆಗಳನ್ನು ಎಣಿಸಲು ಆತನು ಕೊಟ್ಟ ಸಾಮಾನ್ಯ ಸೂತ್ರವು ಇಂದಿನ ಪಠ್ಯಪುಸ್ತಕಗಳಲ್ಲಿರುವ ಸೂತ್ರವೇ ಆಗಿದೆ. ಭಿನ್ನರಾಶಿಗಳ ಅಧ್ಯಾಯದಲ್ಲಿ, ಅಂಶವು ಒಂದೇ ಆಗಿರುವ ಭಿನ್ನಗಳನ್ನು ಕೂಡಿಸಿ ಸರಿಯಾಗಿ ಒಂದನ್ನು ಪಡೆಯುವ ವಿಧಿಯನ್ನು ಹೇಳಿದ್ದಾನೆ. 1, 3, 9, 27 ಎಂದು ಮೂರು ಮೂರರಷ್ಟು ಹೆಚ್ಚುವ ಛೇದಗಳನ್ನು ಬರೆದು, ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರನೆಯ ಎರಡು ಭಾಗದಿಂದಲೂ ಗುಣಿಸಿದರೆ 2, 3, 9, 18 ಆಗುತ್ತದೆ. 1/2, 1/3, 1/9, 1/18 ಇವುಗಳ ಮೊತ್ತ ಸರಿಯಾಗಿ 1. ಛೇದಗಳು ಎಷ್ಟಿದ್ದರೂ ವಿಧಿಯು ಬದಲಾಗುವುದಿಲ್ಲ. ಎಂಟನೆಯ ಅಧ್ಯಾಯದಲ್ಲಿ ಅಗೆದ ಗುಂಡಿಯ ಗಾತ್ರ, ಇಟ್ಟಿಗೆಯ ರಾಶಿ, ಗರಗಸದ ಕೆಲಸ ಇವುಗಳ ಲೆಕ್ಕಗಳಿವೆ. ಅರಮನೆಯ ಹೊರಗೆ ದುಡಿಯುತ್ತಿದ್ದ ಕೂಲಿಕಾರರನ್ನೂ ಆಚಾರ್ಯನು ಕಣ್ಣಿಟ್ಟು ನೋಡಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಹಾವೀರಾಚಾರ್ಯನು ಎಂದು, ಎಲ್ಲಿ ದೇಹವನ್ನು ಬಿಟ್ಟನೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಆತನ ಕಾಲವಾಗಿ ಸುಮಾರು ಒಂದು ಶತಮಾನ ಕಳೆದ ಮೇಲೆ, 972ರಲ್ಲಿ, ಮಾಳವದ ಪರಮಾರ ದೊರೆ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಅರಮನೆಗಳೂ ಬಸದಿಗಳೂ ಹಾಳಾದುವು. ಅಮೋಘವರ್ಷನ ಕೊರಳನ್ನು ಅಲಂಕರಿಸಿದ್ದ ಮುತ್ತಿನ ಹಾರಗಳು ಯಾರ ಕೈ ಸೇರಿದುವೋ! ಗಣಿತಸಾರಸಂಗ್ರಹವು ಮಾತ್ರ ಅಷ್ಟರಲ್ಲಿಯೇ ದಕ್ಷಿಣದ ಪಾಠಶಾಲೆಗಳಲ್ಲಿ ನೆಲೆನಿಂತಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ವಲ್ಲಭನೆಂಬ ಪಂಡಿತನು ಅದಕ್ಕೆ ಕನ್ನಡದಲ್ಲಿ ಟೀಕೆಯನ್ನು ಬರೆದನು. 12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ರಚಿಸಿ ಕನ್ನಡದಲ್ಲಿಯೇ ಗಣಿತವನ್ನು ಹೇಳಿದನು. ಹೀಗಿದ್ದರೂ ಮುಂದೆ ಬಂದ ಶತಮಾನಗಳಲ್ಲಿ ಆಚಾರ್ಯನ ಹೆಸರು ಮಠಗಳ ಓಲೆಗರಿಗಳೊಳಗೆ ಮರೆಯಾಯಿತು.

ಅದನ್ನು ಮತ್ತೆ ಬೆಳಕಿಗೆ ತಂದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು. ಅವರು ಹಲವೆಡೆಯ ಹಸ್ತಪ್ರತಿಗಳನ್ನು ಕಲೆಹಾಕಿದರು. ಕನ್ನಡ ಲಿಪಿಯ ತಾಳೆಗರಿಗಳೂ ಅವುಗಳಲ್ಲಿದ್ದುವು. ಹುಳು ತಿಂದು ಹೋದ ಅಂಕೆಯೊಂದನ್ನು ಊಹಿಸುವುದು ಪದವೊಂದನ್ನು ಊಹಿಸುವುದಕ್ಕಿಂತ ಕಷ್ಟ. ಆದರೆ ಗಣಿತಗ್ರಂಥವನ್ನು ಸಂಪಾದಿಸುವವನಿಗೆ ಒಂದು ಅನುಕೂಲವುಂಟು. ಪಾಠವು ಸರಿಯೋ ತಪ್ಪೋ ಎಂಬುದನ್ನು ಲೆಕ್ಕ ಮಾಡಿ ನೋಡಬಹುದು. 1912ರಲ್ಲಿ ಮದರಾಸು ಸರಕಾರವು ಮೂಲವನ್ನೂ ರಂಗಾಚಾರ್ಯರ ಇಂಗ್ಲಿಷ್ ಅನುವಾದವನ್ನೂ ಒಟ್ಟಿಗೆ ಪ್ರಕಟಿಸಿತು. ಗಣಿತದ ಇತಿಹಾಸಕಾರರಾಗಿ ಖ್ಯಾತರಾಗಿದ್ದ ಅಮೆರಿಕದ ಡೇವಿಡ್ ಯುಜೀನ್ ಸ್ಮಿತ್ ಅವರು ಅದಕ್ಕೆ ಪ್ರಸ್ತಾವನೆಯನ್ನು ಬರೆದರು. 1963ರಲ್ಲಿ ಎಲ್. ಸಿ. ಜೈನ್ ಅವರ ಹಿಂದೀ ಅನುವಾದವು ಸೊಲ್ಲಾಪುರದಿಂದ ಹೊರಬಂದಿತು. ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದವು ಮೂಲ ಮತ್ತು ಇಂಗ್ಲಿಷ್ ಪಾಠಗಳೊಡನೆ ಹೊಂಬುಜದ ಜೈನಮಠದಿಂದ 2000ದಲ್ಲಿ ಪ್ರಕಟವಾಯಿತು. ಅದರ ಎರಡನೆಯ ಅಧ್ಯಾಯವನ್ನು ತೆರೆದು, ಹಾಳೆಯೊಂದರ ಮೇಲೆ 27994681ನ್ನು 441ರಿಂದ ಗುಣಿಸುವವರ ಮುಂದೆ ಆ ಹಾರವು ಇಂದಿಗೂ ಒಂದು ಮಣಿಯೂ ಕಳಚದೆ ಮೂಡುತ್ತದೆ.